ಮೂಲದಿಂದ ಸಾಲಕ್ಕೆ: ಕಾಸರಗೋಡು, ಮಲಬಾರು, ವಯನಾಡಿನ ದಾಖಲೆಗಳಲ್ಲಿ ಆಳಿನ ಹೆಸರು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತುಗಳ ಬರಹರೂಪ. ಕೊನೆಯಲ್ಲಿ ಸಂವಾದದ ಎರಡು ಪ್ರಶ್ನೆಗಳನ್ನು ಸೇರಿಸಲಾಗಿದೆ.)

  

ನಾನು ಇತಿಹಾಸದ ವಿದ್ಯಾರ್ಥಿ ಅಲ್ಲ, ಕನ್ನಡ ಸಾಹಿತ್ಯದ ವಿದ್ಯಾರ್ಥಿ. ಹಾಗಾಗಿ ಹಳೆಯ ಪತ್ರಗಳನ್ನು ಓದುವಾಗ ನನ್ನ ಕಣ್ಣು ಮೊದಲು ಹೋಗುವುದು ಅಂಕಿ-ಅಂಶಕ್ಕಲ್ಲ, ಶಬ್ದಕ್ಕೆ. ಇವತ್ತು ಎರಡು ಶಬ್ದಗಳ ಬಗ್ಗೆ ಮಾತಾಡ್ತೇನೆ. ಒಂದು 'ಮೂಲ', ಇನ್ನೊಂದು 'ಸಾಲ'. ಹತ್ತೊಂಬತ್ತನೇ ಶತಮಾನದ ದಾಖಲೆಗಳಲ್ಲಿ ನಮ್ಮ ಕಡೆಯ ಕೃಷಿ ಗುಲಾಮಗಿರಿಯ ಕತೆ ಈ ಎರಡು ಶಬ್ದಗಳ ನಡುವೆ ಉಂಟು. ಮೂಲದಾಳು ಆಗಿದ್ದವ ಸಾಲದಾಳು ಆದ. ಸರಕಾರದ ಕಡತದಲ್ಲಿ ಅದು ಬಿಡುಗಡೆ ಅಂತ ದಾಖಲಾಯಿತು. ಗದ್ದೆಯಲ್ಲಿ ಏನಾಯಿತು ಎಂಬುದು ನನ್ನ ಪ್ರಶ್ನೆ.

ಕಡತಗಳಿಗೂ ಗಡಿ ಉಂಟು

ಮೊದಲು ಕಡತಗಳು ಎಲ್ಲಿವೆ ಎಂಬ ಮಾತು. ಗಡಿನಾಡಿನ ವಿದ್ಯಾರ್ಥಿಗೆ ಇದೇ ಮೊದಲ ತೊಡಕು. ಕಾಸರಗೋಡು 1799ರಲ್ಲಿ ಟಿಪ್ಪುವಿನ ಪತನದ ನಂತರ ಕಂಪೆನಿಯ ಕೆನರಾ ಜಿಲ್ಲೆಗೆ ಸೇರಿತು. ಆಮೇಲೆ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ 1956ರ ತನಕ ಇತ್ತು. ಆಮೇಲೆ ಕೇರಳ. ವಯನಾಡು ಇದ್ದದ್ದು ಮಲಬಾರು ಜಿಲ್ಲೆಯಲ್ಲಿ. ಹಾಗಾಗಿ ನಮ್ಮ ಊರಿನ ಒಂದು ಹಳೆಯ ಕಂದಾಯ ಪತ್ರ ಹುಡುಕಬೇಕಾದರೆ ಚೆನ್ನೈಯ ಪತ್ರಾಗಾರಕ್ಕೆ ಹೋಗಬೇಕು, ಮಲಬಾರಿನದ್ದಾದರೆ ಕೋಝಿಕ್ಕೋಡಿಗೂ ಹೋಗಬೇಕು, ಮಾತಿನ ಅರ್ಥ ಹಿಡಿಯಬೇಕಾದರೆ ಮಂಗಳೂರಿಗೆ ಬರಬೇಕು. ಊರು ಒಂದು ರಾಜ್ಯದಲ್ಲಿ, ಊರಿನ ನೆನಪು ಇನ್ನೊಂದು ರಾಜ್ಯದಲ್ಲಿ.

ಇನ್ನೊಂದು ವಿಷಯ. ಈ ದಾಖಲೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಆದರೆ ಕಲೆಕ್ಟರನ ಇಂಗ್ಲಿಷ್ ಪತ್ರದ ಕೆಳಗೆ ಯಾವಾಗಲೂ ಒಂದು ದೇಶಭಾಷೆಯ ಪತ್ರ ಇರ್ತದೆ: ಶಾನುಭಾಗ ಬರೆದ ಲೆಕ್ಕ, ಗೇಣಿ ಚೀಟು, ಅಡವು ಪತ್ರ. ಕೆನರಾದಲ್ಲಿ ಆ ಭಾಷೆ ಕನ್ನಡ. ಮನೆಮಾತು ತುಳುವೋ ಮಲಯಾಳವೋ ಕೊಂಕಣಿಯೋ ಬ್ಯಾರಿಯೋ ಆಗಿದ್ದರೂ ಬರೆಯುವುದು ಕನ್ನಡದಲ್ಲಿ. ಈ ಮಾತನ್ನು ದಯವಿಟ್ಟು ನೆನಪಿಡಿ, ಕೊನೆಗೆ ಇದಕ್ಕೆ ತಿರುಗಿ ಬರ್ತೇನೆ.

ಬುಕಾನನ್ ಕಂಡ ಬೆಲೆಪಟ್ಟಿ

ಫ್ರಾನ್ಸಿಸ್ ಬುಕಾನನ್ ಕಂಪೆನಿಯ ಆದೇಶದ ಮೇಲೆ 1800-01ರಲ್ಲಿ ಮೈಸೂರು, ಮಲಬಾರು, ಕೆನರಾಗಳಲ್ಲಿ ಸಂಚರಿಸಿದ. ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. 1801ರ ಜನವರಿಯಲ್ಲಿ ಆತ ಮಲಬಾರಿನಿಂದ ಉತ್ತರಕ್ಕೆ ಬಂದು ಚಂದ್ರಗಿರಿ ಹೊಳೆ ದಾಟಿ ಮಂಗಳೂರು ಸೇರಿದ.

ಮಲಬಾರಿನ ಗುಲಾಮರ ಬಗ್ಗೆ ಅವನು ಕೊಡುವ ವಿವರ ಒಬ್ಬ ಲೆಕ್ಕಿಗನದ್ದು. ಗುಲಾಮರನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಲು ಮೂರು ದಾರಿ ಇತ್ತಂತೆ. ಒಂದು ಜನ್ಮಂ, ಅಂದರೆ ಪೂರ್ತಿ ಮಾರಾಟ. ಒಬ್ಬ ಯುವಕ ಮತ್ತು ಅವನ ಹೆಂಡತಿಗೆ 250ರಿಂದ 300 ಹಣ. ಎರಡನೆಯದು ಕಾಣಂ, ಅಂದರೆ ಅಡವು. ಧಣಿ ಗುಲಾಮರ ಬೆಲೆಯ ಸುಮಾರು ಮೂರನೇ ಎರಡು ಪಾಲು ಸಾಲವಾಗಿ ಪಡೆದು ಅವರನ್ನು ಒಪ್ಪಿಸುವುದು. ಮೂರನೆಯದು ಪಾಟ್ಟಂ, ಅಂದರೆ ಬಾಡಿಗೆ ಅಥವಾ ಗೇಣಿ. ಗಂಡಸಿಗೆ ವರ್ಷಕ್ಕೆ 8 ಹಣ, ಹೆಂಗಸಿಗೆ ಅದರ ಅರ್ಧ. ಕೊನೆಯ ಎರಡು ಕ್ರಮಗಳನ್ನು ಬುಕಾನನ್ ಕಟುವಾಗಿ ಖಂಡಿಸುತ್ತಾನೆ. ಕಾರಣ ಸರಳ. ಆಳನ್ನು ತಾತ್ಕಾಲಿಕವಾಗಿ ತೆಗೆದುಕೊಂಡವನಿಗೆ ಅವನಿಂದ ಹೆಚ್ಚು ದುಡಿಸುವುದರಲ್ಲೂ ಅವನಿಗೆ ಕಡಿಮೆ ಉಣ್ಣಿಸುವುದರಲ್ಲೂ ಲಾಭ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಗಂಡ ಹೆಂಡತಿ ಇಬ್ಬರ ವರ್ಷದ ಬಾಡಿಗೆ 12 ಹಣ. ಇಬ್ಬರ ಮಾರಾಟದ ಬೆಲೆ 250ರಿಂದ 300. ಅಂದರೆ ಇಪ್ಪತ್ತೊಂದರಿಂದ ಇಪ್ಪತ್ತೈದು ವರ್ಷಗಳ ಬಾಡಿಗೆಯೇ ಅವರ ಬೆಲೆ. ಜಾಗಕ್ಕೆ ಬೆಲೆ ಕಟ್ಟುವುದೂ ಹೀಗೆಯೇ ಅಲ್ವಾ? ಇಷ್ಟು ವರ್ಷದ ಗೇಣಿ ಇಷ್ಟು ಬೆಲೆ ಅಂತ. ಲೆಕ್ಕ ಮಾತ್ರ ಅಲ್ಲ, ಶಬ್ದಗಳೂ ಜಾಗದವೇ. ಜನ್ಮಂ, ಕಾಣಂ, ಪಾಟ್ಟಂ ಮೂರೂ ಭೂಮಿಯ ಹಕ್ಕನ್ನು ಹೇಳುವ ಪದಗಳು. ಮನುಷ್ಯನಿಗೆಂದು ಬೇರೆ ಪದ ಹುಡುಕುವ ಅಗತ್ಯವೇ ಬರೆಯುವವನಿಗೆ ಕಂಡಿರಲಿಲ್ಲ.

ಕೆನರಾಕ್ಕೆ ಬಂದಾಗ ಬುಕಾನನ್ ಎರಡು ಕನ್ನಡ ಪದಗಳನ್ನು ದಾಖಲಿಸುತ್ತಾನೆ: ಕೂಲಿಯಾಳು ಮತ್ತು ಮೂಲದಾಳು. ಹೆಚ್ಚಿನ ಬೇಸಾಯ ಕೂಲಿಯಾಳುಗಳಿಂದ ನಡೆಯುತ್ತದೆ, ಕೊಂಡ ಆಳುಗಳಾದ ಮೂಲದಾಳುಗಳೂ ಇದ್ದಾರೆ ಅನ್ನುವುದು ಅವನ ಮಾತಿನ ಸಾರ. ಅವನಿಗೆ ಸಿಕ್ಕಿದ ಅರ್ಥ 'ಕೊಂಡವರು'. ಆದರೆ ಕರಾವಳಿಯ ಭೂದಾಖಲೆ ಓದಿದವರಿಗೆ 'ಮೂಲ' ಎಂದ ಕೂಡಲೇ ಬೇರೆ ಪದಗಳೂ ನೆನಪಾಗ್ತವೆ. ಮೂಲಿ ವರ್ಗ ಅಂದರೆ ಹಿಂದಿನಿಂದ ಬಂದ ಖಾಯಂ ಹಕ್ಕಿನ ಆಸ್ತಿ. ಮೂಲಗೇಣಿ ಅಂದರೆ ಎಬ್ಬಿಸಲಾಗದ ಖಾಯಂ ಒಕ್ಕಲುತನ, ವರ್ಷವರ್ಷಕ್ಕೆ ಬದಲಾಗಬಹುದಾದ ಚಾಲಗೇಣಿಗೆ ಎದುರಾದದ್ದು. ಒಂದೇ 'ಮೂಲ' ಶಬ್ದ ಧಣಿಯ ಪಕ್ಕದಲ್ಲಿ ಬಂದಾಗ ಹಕ್ಕು, ಒಕ್ಕಲಿನ ಪಕ್ಕದಲ್ಲಿ ಬಂದಾಗ ಭದ್ರತೆ, ಆಳಿನ ಪಕ್ಕದಲ್ಲಿ ಬಂದಾಗ ಬಿಡಿಸಿಕೊಳ್ಳಲಾಗದ ಕಟ್ಟು.

ಸರಕಾರದ ಲೆಕ್ಕದಲ್ಲಿ ಗುಲಾಮ

ಇದೆಲ್ಲ ಸ್ಥಳೀಯ ಧಣಿಗಳ ಪದ್ಧತಿ, ಕಂಪೆನಿ ಸರಕಾರ ಹೊರಗೆ ನಿಂತು ನೋಡ್ತಾ ಇತ್ತು ಅಂತ ಯಾರಾದರೂ ಹೇಳಿದರೆ ಪತ್ರಗಳು ಅದನ್ನು ಒಪ್ಪುವುದಿಲ್ಲ. ಮಲಬಾರಿನ ಕಲೆಕ್ಟರ್ ಆಗಿದ್ದ ವಿಲಿಯಂ ಲೋಗನ್ ತನ್ನ 1887ರ 'ಮಲಬಾರ್ ಮ್ಯಾನ್ಯುಯಲ್'ನಲ್ಲಿ ಈ ಪತ್ರವ್ಯವಹಾರದ ಸಾರ ಕೊಟ್ಟಿದ್ದಾನೆ. ಕಂದಾಯ ಬಾಕಿಯಾದಾಗ ಜಮೀನುದಾರನ ಗುಲಾಮರನ್ನು ಹರಾಜು ಹಾಕಿ ಬಾಕಿ ವಸೂಲು ಮಾಡುವ ಕ್ರಮ ಇತ್ತು. ಅದನ್ನು ನಿಲ್ಲಿಸುವ ಆದೇಶ ಬಂದದ್ದು 1819ರಲ್ಲಿ. ಸರಕಾರದ ಸ್ವಂತ ಜಮೀನುಗಳಲ್ಲೂ ಗುಲಾಮರಿದ್ದರು, ಅವರಿಂದ ಸರಕಾರಕ್ಕೆ ವರ್ಷವರ್ಷ ಆದಾಯ ಬರ್ತಿತ್ತು. 1836ರ ನವೆಂಬರಿನಲ್ಲಿ ಆ ಆದಾಯವನ್ನು ಲೆಕ್ಕದಿಂದ ಬಿಟ್ಟುಬಿಡಲು ಆದೇಶವಾಯಿತು. ಮೊತ್ತ 927 ರೂಪಾಯಿ 13 ಆಣೆ.

ಈ ಮೊತ್ತ ನೋಡಿ ನನಗೆ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಒಂದು ಜಿಲ್ಲೆಯ ಕಂದಾಯದಲ್ಲಿ ಇದು ಯಾವ ಲೆಕ್ಕ? ಆದರೂ ಇದನ್ನು ಬಿಟ್ಟುಕೊಡಲು ಪತ್ರಗಳು ಓಡಾಡಬೇಕಾಯಿತು, ಆಣೆಯ ತನಕ ಗುಣಿಸಿ ತೋರಿಸಬೇಕಾಯಿತು. ಆ 13 ಆಣೆ ಯಾರ ಬೆವರು ಅಂತ ಮಾತ್ರ ಆ ಸಾಲಿನಲ್ಲಿ ಇಲ್ಲ.

ಅಧಿಕಾರಿಗಳೆಲ್ಲ ಒಂದೇ ಥರ ಇರಲಿಲ್ಲ ಎಂಬುದನ್ನೂ ಹೇಳಬೇಕು. ತಲಶ್ಶೇರಿ ಕಡೆಯ ಮ್ಯಾಜಿಸ್ಟ್ರೇಟ್ ಆಗಿದ್ದ ಥಾಮಸ್ ಬೇಬರ್ 1811ರ ಸುಮಾರಿಗೆ ಅಂಜರಕಂಡಿಯ ತೋಟಕ್ಕೆ ಕೈಹಾಕಿದ. ತೋಟ ಮುರ್ಡೋಕ್ ಬ್ರೌನ್ ಎಂಬ ಪ್ರಭಾವಿ ಯುರೋಪಿಯನನದ್ದು. ತಿರುವಾಂಕೂರಿನಿಂದ ಕದ್ದು ತಂದು ಮಾರಿದ ಮಕ್ಕಳು ಅಲ್ಲಿ ದುಡಿಯುತ್ತಿದ್ದರು. ಬೇಬರ್ ಅವರನ್ನು ಬಿಡಿಸಿದ. ಆತ ಮತ್ತು ಬ್ರೌನ್ ನಡುವಿನ ಜಗಳ ಪತ್ರಗಳಲ್ಲಿ ವರ್ಷಗಟ್ಟಲೆ ನಡೆಯಿತು. ಆದರೆ ಈ ಪ್ರಕರಣದ ಬಲವೂ ಮಿತಿಯೂ ಒಂದೇ ಕಡೆ ಇದೆ. ಆ ಮಕ್ಕಳು ಅಪಹರಣವಾದವರು, ಆದ್ದರಿಂದ ಅಪರಾಧ. ಗುಲಾಮರ ಹೊಟ್ಟೆಯಲ್ಲೇ ಹುಟ್ಟಿದವರ ವಿಷಯ? ಅವರನ್ನು ಯಾರೂ ಕದ್ದಿರಲಿಲ್ಲ, ಆದ್ದರಿಂದ ಬಿಡಿಸಲು ಕಾನೂನಿಗೆ ಕಾರಣವೂ ಸಿಗಲಿಲ್ಲ.

ಒಂದು ರೂಪಾಯಿ ಹತ್ತು ಆಣೆ ಆರು ಪೈ

ಈಗ ನಾನು ಹೇಳಲೇಬೇಕಾದ ಪತ್ರ. ಕೋಝಿಕ್ಕೋಡಿನ ನ್ಯಾಯಾಧೀಶನಾಗಿದ್ದ ಇ. ಬಿ. ಥಾಮಸ್ 1841ರ ನವೆಂಬರ್ 24ರಂದು ಸದರ್ ಅದಾಲತ್ತಿಗೆ ಬರೆದದ್ದು. ಸರಕಾರಿ ಭಾಷೆಯಲ್ಲಿ ಸಿಟ್ಟನ್ನು ಎಷ್ಟು ತೋರಿಸಬಹುದೋ ಅಷ್ಟೂ ಅದರಲ್ಲಿ ಉಂಟು. ಕೆಲವು ತಾಲೂಕುಗಳಲ್ಲಿ ಹೆಂಗಸರಿಗೆ ಹೆಚ್ಚು ಬೆಲೆ ಎನ್ನುತ್ತಾನೆ. ಏಕೆಂದರೆ ಅವರು ಹೆರುವ ಮಕ್ಕಳೂ ಗುಲಾಮರು. ಹತ್ತು ವರ್ಷದೊಳಗಿನ ಹುಡುಗನ ಸರಾಸರಿ ಬೆಲೆ ಮೂರೂವರೆ ರೂಪಾಯಿ, ಹುಡುಗಿಗೆ ಸ್ವಲ್ಪ ಕಡಿಮೆ. ಆಗಷ್ಟೇ ತೀರ್ಮಾನವಾದ ಒಂದು ದಾವೆಯಲ್ಲಿ ತಗಾದೆ ಇದ್ದದ್ದು 27 ಗುಲಾಮರ ಮೇಲಿನ ಹಕ್ಕಿಗಾಗಿ ಮಾತ್ರ. ಕೋರ್ಟು ಅದನ್ನು ಬೇರೆ ಯಾವ ಆಸ್ತಿಯ ದಾವೆಯ ಹಾಗೆಯೇ ವಿಚಾರಿಸಿ ತೀರ್ಪು ಕೊಟ್ಟಿತ್ತು. ಇನ್ನೊಂದು ಸಾಲು: 1841ರ ಆಗಸ್ಟ್ 10ರಂದು ಕೋರ್ಟಿನ ಹರಾಜಿನಲ್ಲಿ ಹತ್ತು ತಿಂಗಳ ಒಂದು ಶಿಶು 1 ರೂಪಾಯಿ 10 ಆಣೆ 6 ಪೈಗೆ ಮಾರಾಟವಾಯಿತು, ತಾಯಿಯ ಬೆಲೆ ಅದರಲ್ಲಿ ಸೇರಿಲ್ಲ.

ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಈ ವಾಕ್ಯದ ಮುಂದೆ ಬಹಳ ಹೊತ್ತು ಕೂತಿದ್ದೇನೆ. 'ತಾಯಿಯ ಬೆಲೆ ಸೇರಿಲ್ಲ' ಅಂದರೆ ಏನು? ತಾಯಿಯನ್ನೂ ಅದೇ ಹರಾಜಿನಲ್ಲಿ ಅದೇ ಧಣಿಗೆ ಬೇರೆ ಬೆಲೆಗೆ ಮಾರಿದರು ಅಂತಲೂ ಓದಬಹುದು. ತಾಯಿ ಒಂದು ಕಡೆ, ಮಗು ಒಂದು ಕಡೆ ಹೋದರು ಅಂತಲೂ ಓದಬಹುದು. ಒಂದು ಮಗುವಿನ ಪಾಲಿಗೆ ಈ ಎರಡು ಅರ್ಥಗಳ ನಡುವಿನ ಅಂತರ ಇಡೀ ಜೀವನದಷ್ಟು. ಬೆಲೆಯನ್ನು ಪೈಯ ತನಕ ಬರೆದ ವಾಕ್ಯಕ್ಕೆ ಇದನ್ನು ಸ್ಪಷ್ಟ ಮಾಡುವ ಅಗತ್ಯ ಇರಲಿಲ್ಲ. ಶಿಶು ಗಂಡೋ ಹೆಣ್ಣೋ, ಹೆಸರೇನು ಎಂಬುದೂ ಅದಕ್ಕೆ ಬೇಡ. ಹರಾಜು ಕೂಗಿದ್ದು ಯಾವುದೋ ಕ್ರೂರ ಧಣಿಯಲ್ಲ, ಕೋರ್ಟು.

ಥಾಮಸ್ ಮರುವರ್ಷ ಮತ್ತೊಂದು ಪತ್ರ ಬರೆದ. ಜನಗಣತಿಯ ಪ್ರಕಾರ ಮಲಬಾರಿನ ಗುಲಾಮರ ಸಂಖ್ಯೆ 1835ರಲ್ಲಿ 1,44,000 ಇದ್ದದ್ದು 1842ಕ್ಕೆ 1,59,000 ಆಗಿದೆ ಎಂದು ತೋರಿಸಿದ. ತಾನಾಗಿ ಮಾಯವಾಗುವ ಪದ್ಧತಿ ಇದಲ್ಲ ಅನ್ನುವುದಕ್ಕೆ ಅವನ ಸಾಕ್ಷಿ ಅದು. ಕಂಪೆನಿಯ ನಿರ್ದೇಶಕ ಮಂಡಳಿ ಕಾನೂನು ಮಾಡಿ ಎಂದು ಭಾರತ ಸರಕಾರಕ್ಕೆ ಸೂಚಿಸಿದ್ದಕ್ಕೆ ಥಾಮಸನ ಪತ್ರಗಳೇ ಕಾರಣ ಇರಬೇಕು ಎಂದು ಲೋಗನ್ ಅಭಿಪ್ರಾಯಪಡುತ್ತಾನೆ. ಹಾಗೆ ಬಂದದ್ದು 1843ರ ಐದನೇ ಕಾಯಿದೆ. ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಅಚ್ಚಾಗಲು ಶುರುವಾದದ್ದೂ ಅದೇ ವರ್ಷ. ಕನ್ನಡ ಪತ್ರಿಕೋದ್ಯಮದ ಹುಟ್ಟಿನ ವರ್ಷ ಅಂತ 1843 ನಮಗೆಲ್ಲ ಬಾಯಿಪಾಠ. ಇನ್ನೊಂದು ಕಾರಣಕ್ಕೂ ಆ ವರ್ಷ ನೆನಪಿರಬೇಕು.

ಕಾಯಿದೆಯ ಕ್ರಿಯಾಪದಗಳು

ಈ ಕಾಯಿದೆ ತುಂಬ ಚಿಕ್ಕದು, ನಾಲ್ಕೇ ಕಲಮು. ಒಂದು, ಕೋರ್ಟಿನ ಡಿಕ್ರಿಗಾಗಲಿ ಗೇಣಿ-ಕಂದಾಯದ ವಸೂಲಿಗಾಗಲಿ ಯಾವ ಸರಕಾರಿ ಅಧಿಕಾರಿಯೂ ಗುಲಾಮನೆಂಬ ಕಾರಣಕ್ಕೆ ಯಾರನ್ನೂ ಮಾರಬಾರದು. ಎರಡು, ಗುಲಾಮನ ಮೇಲಿನ ಒಡೆತನದಿಂದ ಹುಟ್ಟುವ ಯಾವ ಹಕ್ಕನ್ನೂ ಕೋರ್ಟು ಜಾರಿ ಮಾಡಬಾರದು. ಮೂರು, ಒಬ್ಬ ಸಂಪಾದಿಸಿದ ಅಥವಾ ಅವನಿಗೆ ವಾರಸಿನಿಂದ ಬಂದ ಆಸ್ತಿಯನ್ನು ಅವನೋ ಅವನ ಹಿರಿಯರೋ ಗುಲಾಮರಾಗಿದ್ದರೆಂಬ ಕಾರಣಕ್ಕೆ ಕಸಿಯಬಾರದು. ನಾಲ್ಕು, ಸ್ವತಂತ್ರ ಮನುಷ್ಯನಿಗೆ ಮಾಡಿದರೆ ಅಪರಾಧವಾಗುವ ಕೃತ್ಯ ಗುಲಾಮನಿಗೆ ಮಾಡಿದರೂ ಅಪರಾಧವೇ.

ಇದು ದೊಡ್ಡ ಹೆಜ್ಜೆ, ಅನುಮಾನ ಇಲ್ಲ. ಹತ್ತು ತಿಂಗಳ ಮಗುವಿನ ಮೇಲೆ ಕೋರ್ಟು ಮತ್ತೆ ಹರಾಜು ಕೂಗುವ ಹಾಗಿಲ್ಲ. ಆದರೆ ಕ್ರಿಯಾಪದಗಳನ್ನು ಗಮನಿಸಿ. ಮಾರಬಾರದು, ಜಾರಿ ಮಾಡಬಾರದು, ಕಸಿಯಬಾರದು. ಮೊದಲೆರಡು ಕಲಮುಗಳು ಮಾತಾಡುವುದು ಅಧಿಕಾರಿಯ ಜೊತೆ, ಕೋರ್ಟಿನ ಜೊತೆ. ಆಳಿನ ಕಡೆ ತಿರುಗಿ 'ನೀನು ಬಿಡುಗಡೆಯಾದೆ' ಎನ್ನುವ ವಾಕ್ಯ ಕಾಯಿದೆಯಲ್ಲಿ ಇಲ್ಲ. ಧಣಿಯ ಕಡೆ ತಿರುಗಿ 'ಇಟ್ಟುಕೊಳ್ಳುವುದು ಅಪರಾಧ' ಎನ್ನುವ ವಾಕ್ಯವೂ ಇಲ್ಲ. ಗುಲಾಮರನ್ನು ಕೊಳ್ಳುವುದು, ಮಾರುವುದು ಶಿಕ್ಷಾರ್ಹ ಅಪರಾಧವಾದದ್ದು ಭಾರತೀಯ ದಂಡ ಸಂಹಿತೆಯ 370 ಮತ್ತು 371ನೇ ಕಲಮುಗಳಿಂದ. ಅವು ಜಾರಿಗೆ ಬಂದದ್ದು 1862ರ ಜನವರಿ 1ರಂದು, ಅಂದರೆ ಹತ್ತೊಂಬತ್ತು ವರ್ಷ ಕಳೆದ ಮೇಲೆ.

ಗದ್ದೆಯಲ್ಲಿ ನಿಂತು ಯೋಚಿಸಿ. ಆಳು ಬಿಟ್ಟು ಹೋದರೆ ಧಣಿ ಕೋರ್ಟಿಗೆ ಹೋಗಿ ಹಿಡಿದು ತರಿಸುವ ಹಾಗಿಲ್ಲ, ಸರಿ. ಆದರೆ ಬಿಟ್ಟು ಹೋಗುವುದು ಎಲ್ಲಿಗೆ? ಗುಡಿಸಲು ಧಣಿಯ ಜಾಗದಲ್ಲಿ. ಮಳೆಗಾಲದ ಅಕ್ಕಿ ಧಣಿಯ ಚಾವಡಿಯಿಂದ. ಮದುವೆಗೂ ಸಾವಿಗೂ ಬೇಕಾದ ನಾಲ್ಕು ರೂಪಾಯಿ ಅವನ ಕೈಯಿಂದಲೇ.

1894: ಸಾಲದ ಹೆಸರು

ಆ ನಾಲ್ಕು ರೂಪಾಯಿ ಏನಾಯಿತು ಅನ್ನುವುದಕ್ಕೆ ಸಾಕ್ಷಿ ಸಿಗುವುದು ಕಾಯಿದೆ ಬಂದು ಐವತ್ತೊಂದು ವರ್ಷದ ಮೇಲೆ, ನಮ್ಮದೇ ಜಿಲ್ಲೆಯ ಪುಸ್ತಕದಲ್ಲಿ. ಜೆ. ಸ್ಟರಾಕ್ ಬರೆದ ದಕ್ಷಿಣ ಕನ್ನಡ ಜಿಲ್ಲಾ ಮ್ಯಾನ್ಯುಯಲ್‌ನ ಮೊದಲ ಭಾಗ 1894ರಲ್ಲಿ ಬಂತು. ಕೃಷಿ ಕೆಲಸಗಾರರಲ್ಲಿ ಎರಡು ವರ್ಗ ಎನ್ನುತ್ತಾನೆ ಆತ: ಮೂಲದವರು ಮತ್ತು ಸಾಲದವರು. ಮೂಲದವರು ಮೂಲಿ ವರ್ಗಗಳಿಗೆ ಅಂಟಿಕೊಂಡು ಬಂದ ಹಿಂದಿನ ವಂಶಪಾರಂಪರ್ಯ ಜೀತಗಾರರು. ಸಾಲದವರು ಸಾಲದಿಂದಾಗಿ ಧಣಿಗೆ ಕಟ್ಟುಬಿದ್ದವರು. ಮೂಲಗ್ರಂಥದಲ್ಲಿ ಈ ಎರಡು ಪದಗಳ ಜೊತೆ 'ಆಳು' ಇಲ್ಲ, ಜಾತಿಯ ಹೆಸರಿದೆ. ಅದನ್ನು ನಾನು ಇಲ್ಲಿ ಓದಿ ಹೇಳುವುದಿಲ್ಲ. ಆದರೆ ಬುಕಾನನ್ 'ಆಳು' ಅಂತ ಬರೆದುಕೊಂಡ ಜಾಗದಲ್ಲಿ ಸ್ಟರಾಕ್ ಜಾತಿಯನ್ನು ಬರೆದ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಕೆಲಸದ ಹೆಸರು ಬಿಡಬಹುದು, ಹುಟ್ಟಿನ ಹೆಸರು ಬಿಡ್ತದಾ?

ಸ್ಟರಾಕ್ ಮುಂದೆ ಹೇಳುವ ಮಾತು ಈ ಪ್ರಬಂಧದ ನಡುಗಂಬ. ಈಗ ಇಬ್ಬರಿಗೂ ಹೆಚ್ಚೇನೂ ವ್ಯತ್ಯಾಸ ಇಲ್ಲ ಎನ್ನುತ್ತಾನೆ. ಮೂಲದವನು ಇವತ್ತು ಗುಲಾಮನಲ್ಲ, ಆದರೆ ಸಾಲದವನಷ್ಟೇ ಸಾಲದಲ್ಲಿದ್ದಾನೆ. ಹೊಸ ಧಣಿ ಆ ಸಾಲವನ್ನು ತನ್ನ ಮೇಲೆ ಹಾಕಿಕೊಂಡರೆ ಮಾತ್ರ ಅವನು ಧಣಿಯನ್ನು ಬದಲಿಸಬಹುದು.

ಹೊಸ ಧಣಿ ಸಾಲ ತೀರಿಸಿ ಆಳನ್ನು ಪಡೆಯುವುದು ಅಂದರೆ ಏನು? ಬುಕಾನನ್ ಕಂಡ ಕಾಣಂ ಬೇರೆ ಬಟ್ಟೆ ಹಾಕಿ ನಿಂತಿದೆ, ಅಷ್ಟೆ. ಮೊದಲು ಆಳಿಗೆ ಬೆಲೆ ಇತ್ತು, ಈಗ ಆಳಿನ ಸಾಲಕ್ಕೆ ಬೆಲೆ. ಗುಲಾಮಗಿರಿಯ ಹಕ್ಕನ್ನು ಕೋರ್ಟು ಒಪ್ಪುವುದಿಲ್ಲ, ಆದರೆ ಸಾಲವನ್ನು ಯಾವ ಕೋರ್ಟು ಒಪ್ಪುವುದಿಲ್ಲ? ಸಾಲ ಅಂದರೆ ಇಬ್ಬರು ಸಮಾನರ ನಡುವಿನ ಕರಾರು ಅಂತ ಕಾನೂನು ತಿಳಿದುಕೊಂಡಿತ್ತು. ಮೂಲ ಹೋಗಿ ಸಾಲ ಬಂತು. ಒಂದು ಶಬ್ದ ಬದಲಾದದ್ದರಿಂದ ಆಳು ಗುಲಾಮಗಿರಿಯ ಕಡತದಿಂದ ಹೊರಗೆ ಬಿದ್ದ. ಗದ್ದೆಯಿಂದ ಹೊರಗೆ ಬರಲಿಲ್ಲ.

ಅದೇ 1894ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾಯಿತು. 'ಜೀತ' ಶಬ್ದ 'ಜೀವಿತ'ದ ತದ್ಭವ. ಹಳಗನ್ನಡದಲ್ಲಿ ಅದರ ಅರ್ಥ ಬದುಕಿಗೆ ಆಧಾರವಾದ ಸಂಬಳ, ಸೇವೆಗೆ ಸಿಗುವ ಪ್ರತಿಫಲ. ಸಂಬಳ ಎಂಬ ಅರ್ಥದ ಶಬ್ದ ಸಂಬಳ ಇಲ್ಲದ ದುಡಿಮೆಗೆ ಹೆಸರಾದದ್ದು ಹೇಗೆ ಅಂತ ನಾವು ಭಾಷಾಶಾಸ್ತ್ರದ ತರಗತಿಯಲ್ಲಿ 'ಹೀನಾರ್ಥ ಪ್ರಾಪ್ತಿ' ಅಂತ ಒಂದು ಸಾಲಿನಲ್ಲಿ ಬರೆದು ಅಂಕ ತೆಗೊಳ್ತೇವೆ. ಆ ಸಾಲಿನ ಹಿಂದೆ ಎಷ್ಟು ಸಾವಿರ ಮನೆಗಳ ಲೆಕ್ಕ ಉಂಟು ಅಂತ ಇಂಥ ದಾಖಲೆ ಓದಿದ ಮೇಲೆಯೇ ನನಗೆ ಹೊಳೆದದ್ದು.

ವಳ್ಳಿಯೂರುಕಾವು

ಸಾಲದ ಈ ಕಟ್ಟು ಎಷ್ಟು ಕಾಲ ಬಾಳಿತು ಎಂದು ತಿಳಿಯಲು ಕರಾವಳಿಯಿಂದ ಘಟ್ಟ ಹತ್ತಿ ವಯನಾಡಿಗೆ ಹೋಗಬೇಕು. ಮಾನಂದವಾಡಿಯ ಹತ್ತಿರ ಕಬಿನಿ ಹೊಳೆಯ ದಡದಲ್ಲಿ ವಳ್ಳಿಯೂರುಕಾವು ಭಗವತಿ ದೇವಸ್ಥಾನ. ಮೀನ ಮಾಸದಲ್ಲಿ, ಅಂದರೆ ಮಾರ್ಚ್-ಏಪ್ರಿಲಿನಲ್ಲಿ ಅಲ್ಲಿ ಜಾತ್ರೆ. ಪಣಿಯ, ಅಡಿಯ ಸಮುದಾಯದವರನ್ನು ಭೂಮಾಲೀಕರು ಇಡೀ ವರ್ಷದ ದುಡಿಮೆಗೆ ಗೊತ್ತು ಮಾಡುತ್ತಿದ್ದದ್ದು ಈ ಜಾತ್ರೆಯಲ್ಲಿ. ಧಣಿ ಒಂದಷ್ಟು ಹಣ ಕೊಡುತ್ತಾನೆ, ಪಡೆದವನು ದೇವಿಯ ಎದುರಿನಲ್ಲಿ ಮಾತು ಕೊಟ್ಟ ಹಾಗೆ. ಆ ಹಣಕ್ಕೆ 'ನಿಲ್ಪು ಪಣ' ಎಂದು ಹೆಸರು, ಅಂದರೆ ನಿಲ್ಲುವುದಕ್ಕೆ ಕೊಟ್ಟ ಹಣ. ಇಲ್ಲಿ ಕಾಗದ ಇಲ್ಲ, ಕೋರ್ಟು ಇಲ್ಲ, ದೇವಿಯೇ ಸಾಕ್ಷಿ. ಇದು ಇಪ್ಪತ್ತನೇ ಶತಮಾನದಲ್ಲೂ, 1970ರ ದಶಕದ ತನಕ ನಡೆದ ವಿಷಯ.

ಅಲ್ಲಿನ ಭೂಮಾಲೀಕರಲ್ಲಿ ನಾಯರರಿದ್ದರು, ಚೆಟ್ಟಿಗಳಿದ್ದರು, ಕನ್ನಡ ಮೂಲದ ಜೈನ ಗೌಡರೂ ಇದ್ದರು. ವಯನಾಡಿನಲ್ಲಿ ಕನ್ನಡ ಎಷ್ಟು ಹಳೆಯದು ಅಂತ ಹೇಳುವಾಗ ನಾವು ಅಲ್ಲಿನ ಬಸದಿಗಳನ್ನು ಹೆಮ್ಮೆಯಿಂದ ತೋರಿಸ್ತೇವೆ. ತೋರಿಸಬೇಕಾದದ್ದೇ. ಬಸದಿಯ ಸುತ್ತಲಿನ ಗದ್ದೆಯನ್ನು ಉತ್ತವರ ಕತೆಯೂ ಅದರ ಜೊತೆಗೇ ಬರಬೇಕು.

ಜೀತ ಪದ್ಧತಿಯನ್ನು ರದ್ದು ಮಾಡಿದ ಕೇಂದ್ರದ ಕಾಯಿದೆ 1976ರದ್ದು, 1975ರ ಅಕ್ಟೋಬರ್ 25ರಿಂದ ಅನ್ವಯ. ಇದರ ಮುಖ್ಯ ಮಾತು ಯಾವುದು ಗೊತ್ತಾ? ಜೀತಕ್ಕೆ ಕಾರಣವಾದ ಸಾಲ ರದ್ದಾಯಿತು, ಅದನ್ನು ತೀರಿಸುವ ಹೊಣೆ ಇನ್ನಿಲ್ಲ ಅನ್ನುವುದು. 1843ರ ಕಾಯಿದೆ ಮೂಲವನ್ನು ಮುಟ್ಟಿತು, ಸಾಲವನ್ನು ಮುಟ್ಟಲಿಲ್ಲ. ಆಳು ನಿಜವಾಗಿ ಯಾವುದರಿಂದ ಕಟ್ಟುಬಿದ್ದಿದ್ದನೋ ಆ ಶಬ್ದವನ್ನು ಕಾನೂನು ಬಾಯಿಬಿಟ್ಟು ಹೇಳಲು ಇನ್ನೂ 133 ವರ್ಷ ಬೇಕಾಯಿತು.

ಗೇಣಿದಾರನ ಗದ್ದೆ, ಆಳಿನ ಹತ್ತು ಸೆಂಟ್ಸ್

ಕಾಸರಗೋಡಿನಲ್ಲಿ ಈ ನಡುವೆ ಇನ್ನೊಂದು ಬದಲಾವಣೆ ಆಗಿತ್ತು. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ಪೂರ್ತಿ ಜಾರಿಗೆ ಬಂತು. ಗೇಣಿದಾರನಿಗೆ ಉಳುವ ಭೂಮಿಯ ಹಕ್ಕು ಸಿಕ್ಕಿತು. ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿ ಕೂತಿದ್ದ ಕುಡಿಕಿಡಪ್ಪುಗಾರನಿಗೆ ಗುಡಿಸಲು ಮತ್ತು ಸುತ್ತಲಿನ ಜಾಗ, ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್ ತನಕ. ಎಬ್ಬಿಸಿ ಓಡಿಸುವ ಭಯ ಹೋಯಿತು, ಅದು ಸಣ್ಣ ವಿಷಯ ಅಲ್ಲ. ಆದರೆ ಹಳೆಯ ಶಬ್ದಗಳನ್ನು ಮತ್ತೆ ಪಕ್ಕ ಪಕ್ಕ ಇಟ್ಟು ನೋಡಿ. ಗೇಣಿಯ ಚೀಟು ಇದ್ದವನಿಗೆ ಗದ್ದೆ, ಮೂಲದಾಳಿನ ಮೊಮ್ಮಗನಿಗೆ ಮನೆ ಕಟ್ಟುವಷ್ಟು ಜಾಗ. ಗದ್ದೆಯನ್ನು ತಲೆತಲಾಂತರದಿಂದ ಉತ್ತವನು ಅವನೇ, ಆದರೆ ಉಳುವವನು ಯಾರು ಎಂಬ ಪ್ರಶ್ನೆಗೆ ಕಾಗದದಲ್ಲಿ ಅವನ ಹೆಸರು ಇರಲಿಲ್ಲ.

ಈ ಮಣ್ಣಿನಲ್ಲೇ ಹುಟ್ಟಿದ ಒಬ್ಬರು ಇದನ್ನು ಬಹಳ ಮೊದಲೇ ಕಂಡಿದ್ದರು. ಕುದ್ಮುಲ್ ರಂಗರಾಯರು 1859ರಲ್ಲಿ ಕಾಸರಗೋಡಿನ ಕಡೆ ಸಾರಸ್ವತ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದವರು, ಮಂಗಳೂರಿನಲ್ಲಿ ವಕೀಲರಾದವರು. 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಶಾಲೆಯ ಜೊತೆಗೆ ವಸತಿ, ಕೈಕಸುಬಿನ ತರಬೇತಿ. ತಮ್ಮವರಿಂದ ಬಹಿಷ್ಕಾರ ಅನುಭವಿಸಿದರು. ಮೂಲ-ಸಾಲದ ವಿವರ ಸ್ಟರಾಕನ ಪುಸ್ತಕದಲ್ಲಿ ಅಚ್ಚಾದದ್ದು ಈ ಎರಡು ವರ್ಷಗಳ ನಡುವೆ. ಅಕ್ಷರ ಮತ್ತು ಕೈಕಸುಬು ಎರಡೂ ಧಣಿಯ ಚಾವಡಿಯನ್ನು ಬಿಟ್ಟು ಬದುಕುವ ದಾರಿಗಳು. ವಕೀಲರಾದ ರಂಗರಾಯರಿಗೆ ಕಾಗದದ ಶಕ್ತಿ ಏನು ಅಂತ ಗೊತ್ತಿತ್ತು. ಅದನ್ನು ಓದಬಲ್ಲವರನ್ನು ತಯಾರು ಮಾಡಲು ಹೊರಟರು.

'ನಮ್ಮ' ಎಂಬ ಮಾತು

ಈಗ ನೆನಪಿಡಿ ಅಂತ ಹೇಳಿದ ಮಾತಿಗೆ ಬರ್ತೇನೆ. ಗಡಿನಾಡಿನ ನಾವು ಕನ್ನಡದ ಬಗ್ಗೆ ಮಾತಾಡುವಾಗ ಅನ್ಯಾಯಕ್ಕೆ ಒಳಗಾದ ಭಾಷೆ ಅಂತ ಮಾತಾಡ್ತೇವೆ. 1956ರ ನಂತರದ ಕತೆಯಲ್ಲಿ ಅದು ನಿಜ. ಆದರೆ ಅದಕ್ಕೂ ಹಿಂದಿನ ಕತೆಯಲ್ಲಿ ಕನ್ನಡ ಆಡಳಿತದ ಭಾಷೆ, ಕೋರ್ಟಿನ ಭಾಷೆ, ಸಾಲದ ಚೀಟಿನ ಭಾಷೆ. ತುಳು ಮಾತ್ರ ಗೊತ್ತಿದ್ದ ಮೂಲದಾಳಿಗೆ ಕನ್ನಡ ಅಂದರೆ ತನ್ನ ಬಗ್ಗೆ ಬರೆದ, ತನಗೆ ಓದಲಾಗದ ಕಾಗದ. ಅವನ ಕಡೆಯ ನೆನಪು ಉಳಿದದ್ದು ಪಾಡ್ದನಗಳಲ್ಲಿ. ಕೊರಗ ತನಿಯನ ಕತೆ ಹೇಳುವವರು ಒಬ್ಬ ಆಳಿನ ಹೆಸರನ್ನು ನೆನಪಿಟ್ಟುಕೊಂಡರು, ಪೂಜಿಸಿದರು. ಹರಾಜಿನ ಪಟ್ಟಿ ಮಾಡಲಾಗದ ಕೆಲಸ ಅದು.

ನಾನು ಚಿಕ್ಕಂದಿನಲ್ಲಿ ಹಿರಿಯರ ಬಾಯಲ್ಲಿ ಕೇಳಿದ ಒಂದು ಮಾತು ಉಂಟು: 'ಅವ ನಮ್ಮ ಮೂಲದವ.' ಪ್ರೀತಿಯಿಂದಲೇ ಹೇಳುತ್ತಿದ್ದರು. ನಮ್ಮ ಮನೆಗೆ ಬಹಳ ಹಿಂದಿನಿಂದ ಬೇಕಾದವ ಅಂತ ನಾನು ಅರ್ಥ ಮಾಡಿಕೊಂಡಿದ್ದೆ. ಸ್ಟರಾಕನ ಪುಟ ಓದಿದ ದಿನ ಆ ಮಾತಿನ 'ನಮ್ಮ' ಯಾವ ವಿಭಕ್ತಿಯಲ್ಲಿದೆ ಅಂತ ಮೊದಲ ಬಾರಿ ಕಂಡಿತು. ಷಷ್ಠೀ. ಒಡೆತನ ಹೇಳುವ ವಿಭಕ್ತಿ.

ಆದ್ದರಿಂದ ನನ್ನ ವಿನಂತಿ ಎರಡು. ಗಡಿನಾಡಿನ ಕನ್ನಡ ಮನೆಗಳ ಅಟ್ಟದಲ್ಲಿ ಇನ್ನೂ ಉಳಿದಿರುವ ಗೇಣಿ ಚೀಟು, ಅಡವು ಪತ್ರ, ಆಳಿನ ಲೆಕ್ಕದ ಪುಸ್ತಕಗಳನ್ನು ನಾವು ಮನೆತನದ ಹೆಮ್ಮೆಗಾಗಿ ಮಾತ್ರ ಓದುವುದು ಬೇಡ. ಅದರಲ್ಲಿ ಹೆಸರು ಬಂದ ಆಳುಗಳ ಮೊಮ್ಮಕ್ಕಳಿಗೂ ಅವು ದಾಖಲೆ. ಇನ್ನೊಂದು, ಕಾನೂನು ಒಂದು ಹೆಸರನ್ನು ರದ್ದು ಮಾಡಿದಾಗ ಆ ಕಟ್ಟು ಯಾವ ಹೊಸ ಹೆಸರಿನಲ್ಲಿ ಮುಂದುವರಿಯಿತು ಅಂತ ಹುಡುಕುವುದು ಭಾಷೆಯ ವಿದ್ಯಾರ್ಥಿಗಳ ಕೆಲಸ. ಅದನ್ನು ಇತಿಹಾಸದವರಿಗೆ ಬಿಟ್ಟು ನಾವು ಕೈ ತೊಳೆದುಕೊಳ್ಳಬಾರದು.

ಸಂವಾದದಿಂದ

ಪ್ರಶ್ನೆ: ಥಾಮಸನ ಪತ್ರ ಮಲಬಾರಿನದ್ದು. ಅದನ್ನು ಕಾಸರಗೋಡಿಗೆ ಅನ್ವಯಿಸುವುದು ಸರಿಯೇ?

ಉತ್ತರ: ಹಾಗೆಯೇ ಎತ್ತಿ ಅನ್ವಯಿಸುವುದು ಸರಿಯಲ್ಲ, ಸರ್. ಆ ಬೆಲೆಗಳು, ಆ ಹರಾಜು ಮಲಬಾರಿನವು. ಕೆನರಾದ ಮಟ್ಟಿಗೆ ನಾನು ಆಧರಿಸಿರುವುದು ಬುಕಾನನ್ ಮತ್ತು ಸ್ಟರಾಕರನ್ನು. ಕೂಲಿಯಾಳುಗಳೇ ಹೆಚ್ಚು ಎಂದು ಬುಕಾನನ್ ಹೇಳಿದ್ದನ್ನು ಅದಕ್ಕೇ ಬಿಡದೆ ಓದಿದೆ. ಆದರೆ 1843ರ ಕಾಯಿದೆ ಎರಡೂ ಜಿಲ್ಲೆಗಳಿಗೆ ಒಂದೇ. ಅದು ಏನನ್ನು ಮುಟ್ಟಿತು, ಏನನ್ನು ಬಿಟ್ಟಿತು ಎಂಬುದನ್ನು ತೋರಿಸಲು ಮಲಬಾರಿನ ಪತ್ರ ಬೇಕಾಯಿತು.

ಪ್ರಶ್ನೆ: ಹೀಗೆಲ್ಲ ಹೇಳಿದರೆ ಗಡಿನಾಡ ಕನ್ನಡದ ಹೋರಾಟ ದುರ್ಬಲ ಆಗುವುದಿಲ್ವಾ?

ಉತ್ತರ: ಆಗುವುದಿಲ್ಲ ಅಂತ ನನಗೆ ಅನಿಸ್ತದೆ, ಮೇಡಂ. ನಾನು ಓದಿದ್ದು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ. ಹಣ ಇದ್ದವರ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿದ್ದರು. ನನ್ನ ಬೆಂಚಿನಲ್ಲಿ ಕೂತವರಲ್ಲಿ ಹೆಚ್ಚಿನವರು ಕೂಲಿ ಮಾಡುವವರ ಮಕ್ಕಳು. ಯಾರ ಅಜ್ಜನಿಗೆ ಕನ್ನಡದ ಚೀಟು ಓದಲು ಬರ್ತಿರಲಿಲ್ಲವೋ ಅವರ ಮೊಮ್ಮಗಳು ಇವತ್ತು ಕನ್ನಡ ಅಧ್ಯಾಪಕಿಯ ಹುದ್ದೆಗೆ ಅರ್ಜಿ ಹಾಕ್ತಾಳೆ. ಆ ಹುದ್ದೆ ಉಳಿಯಬೇಕು ಅಂತ ಕೇಳುವ ಹಕ್ಕು ಅವಳಿಗೆ ನಮ್ಮೆಲ್ಲರಿಗಿಂತ ಹೆಚ್ಚು. ಅವಳ ಅಜ್ಜನ ಕತೆಯನ್ನು ಮುಚ್ಚಿಟ್ಟು ಅವಳನ್ನು ಹೋರಾಟಕ್ಕೆ ಕರೆದರೆ ಅವಳು ಯಾಕೆ ಬರಬೇಕು?